ಮೊದಲ ಸಲಕ್ಕೇ ಹೂಂ ಎಂದವನು

ಬಸವನಗುಡಿಯಲ್ಲಿ ಬೆಳೆದವರಿಗೆ ಒಂದು ಕಾಯಿಲೆಯಿದೆ. ಯಾರು ಏನು ಕೊಟ್ಟರೂ ಮೊದಲು ಬೇಡ ಎನ್ನುವುದು. ಕಾಫಿ ತರುತ್ತೇನೆ ಎಂದರೆ 'ಅಯ್ಯೋ, ಈಗ ತಾನೇ ಕುಡಿದು ಬಂದೆ' ಎನ್ನುತ್ತೇವೆ. ಕುಡಿದಿರುವುದಿಲ್ಲ, ಅದು ಅವರಿಗೂ ಗೊತ್ತು. ಮೂರನೇ ಒತ್ತಾಯಕ್ಕೆ 'ಸರಿ, ಅರ್ಧ ಲೋಟ' ಎಂದರೆ ತುಂಬಿದ ಲೋಟ ಬರುತ್ತದೆ. ಕೆನಡಾದಲ್ಲಿ ರಾಜ್ಯಶಾಸ್ತ್ರ ಓದಿ, ಪ್ರಜೆಗಳ ಸಮ್ಮತಿ ಎಂದರೇನು ಎಂದು ದಪ್ಪನೆಯ ಮಹಾಪ್ರಬಂಧ ಬರೆದು ಡಾಕ್ಟರನಾದರೂ ನನಗೆ ಈ ಕಾಯಿಲೆ ವಾಸಿಯಾಗಲಿಲ್ಲ.

ತೊಂಬತ್ತರ ದಶಕದ ಮಾತು. ಓದು ಮುಗಿಸಿ ಊರಿಗೆ ಬಂದು, ಕೆನಡಾದ ಕಾಲೇಜೊಂದಕ್ಕೆ ಅರ್ಜಿ ಹಾಕಿ, ಬಸವನಗುಡಿಯ ಸೋದರತ್ತೆಯ ಮನೆಯಲ್ಲಿ ಕಾಯುತ್ತಿದ್ದೆ. ಕೆಲಸ ಸಿಕ್ಕರಷ್ಟೇ ವೀಸಾ. ಒಂದು ಸಂಜೆ ಫೋನ್ ಬಂತು. ಅತ್ತೆ ಹುರುಳೀಕಾಯಿ ಬಿಟ್ಟು, ಮಾವ ಪೇಪರ್ ಮಡಚಿ, ನನ್ನ ಎರಡು ಕಿವಿಗಳ ಪಕ್ಕ ನಿಂತರು. ವಿಭಾಗದ ಮುಖ್ಯಸ್ಥರು, 'ನಮ್ಮಲ್ಲಿ ಪಾಠ ಮಾಡಲು ಬರುತ್ತೀರಾ?' ಎಂದರು. ಎದೆ ಕುಣಿಯುತ್ತಿತ್ತು. ನಾಲಿಗೆ ಮಾತ್ರ ಬಸವನಗುಡಿಯದು. 'ಛೆ ಛೆ, ನಾನೆಷ್ಟರವನು? ನನಗಿಂತ ಯೋಗ್ಯರು ಸಿಗುತ್ತಾರೆ, ನೋಡಿ' ಎಂದೆ. 'ನೇರವಾಗಿ ಹೇಳಿದ್ದಕ್ಕೆ ಧನ್ಯವಾದ' ಎಂದು ಅವರು ಫೋನ್ ಇಟ್ಟುಬಿಟ್ಟರು.

'ಏನಂದ್ರೋ?' ಎಂದರು ಅತ್ತೆ.

'ಬರ್ತೀರಾ ಅಂದ್ರು. ನನ್ ಕೈಲಿ ಎಲ್ಲಿ ಆಗತ್ತೆ ಅಂದೆ.'

'ಸರಿಯಾಗೇ ಹೇಳಿದೀಯ. ಕೇಳಿದ ತಕ್ಷಣ ಹೂಂ ಅಂದ್ರೆ ಏನಂದ್ಕೋತಾರೆ? ಇನ್ನೊಂದ್ಸಲ ಮಾಡ್ತಾರೆ, ಇರು.'

ಲೈನ್ ಖಾಲಿಯಿರಲಿ, ಯಾರೂ ಫೋನ್ ಮುಟ್ಟಕೂಡದೆಂದು ಮಾವನ ಅಪ್ಪಣೆಯಾಯಿತು. ಅದು ಬಡಿದುಕೊಳ್ಳಲೇ ಇಲ್ಲ. ಕೊನೆಗೆ ಗಾಂಧಿಬಜಾರಿನ ಐಎಸ್‌ಡಿ ಬೂತಿನಿಂದ ನಾನೇ ಮಾಡಿದೆ. 'ನೀವೇ ಬೇಡ ಎಂದಿರಲ್ಲ! ಬೇರೆಯವರು ಒಪ್ಪಿಕೊಂಡರು' ಎಂದರು. ಗಾಜಿನ ಗೂಡಿನೊಳಗೇ ಅತ್ತುಬಿಟ್ಟೆ. ಸಮ್ಮತಿಯಲ್ಲಿ ಡಾಕ್ಟರೇಟ್ ಪಡೆದವನಿಗೆ ಒಂದು ಹೂಂ ಬಾಯಿಗೆ ಬಂದಿರಲಿಲ್ಲ.

ಮರುವರ್ಷ ಕೆನಡಾದ್ದೇ ಇನ್ನೊಂದು ಕಾಲೇಜಿನವರು ಫೋನ್ ಮಾಡಿದಾಗ ಪ್ರಶ್ನೆ ಮುಗಿಯುವ ಮೊದಲೇ ಹೂಂ ಎಂದೆ. ಅವರು ಕೇಳುತ್ತಿದ್ದದ್ದು ಸಂದರ್ಶನಕ್ಕೆ ಬರುತ್ತೀರಾ ಎಂದಂತೆ. ಹೇಗೋ ಕೆಲಸವೂ ಸಿಕ್ಕಿತು. ಅಂದಿನಿಂದ ಅಲ್ಲೇ ರಾಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ಏನು ಕೊಟ್ಟರೂ ಮೊದಲ ಸಲಕ್ಕೇ ತೆಗೆದುಕೊಳ್ಳುತ್ತೇನೆ.

ಕೆಲವು ವರ್ಷಗಳ ಮೇಲೆ ರಜೆಗೆ ಬಂದವನು, ಒಂದು ಮಧ್ಯಾಹ್ನ ಹೇಳದೆ ಕೇಳದೆ ಅತ್ತೆಯ ಮನೆಗೆ ಹೋದೆ. ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದು 'ಊಟ ಮಾಡ್ಕೊಂಡೇ ಹೋಗೋ' ಎಂದರು. 'ಆಗಲಿ ಅತ್ತೆ' ಎಂದು ಚಪ್ಪಲಿ ಬಿಟ್ಟು ಬಂದು ಕೂತೆ. ಅತ್ತೆ ಮಾವನ ಮುಖ ನೋಡಿದರು. ಮಾವ ಅಡುಗೆಮನೆಯ ಕಡೆ ನೋಡಿದರು. ಇದ್ದಷ್ಟು ಹುಳಿಯನ್ನವೆಲ್ಲ ನನ್ನ ತಟ್ಟೆಗೆ ಬಂತು. ಮಾವ ಹೊಟ್ಟೆ ಸರಿಯಿಲ್ಲವೆಂದು ಮಜ್ಜಿಗೆ ಕುಡಿದರು. ಒಳಗೆ ಅತ್ತೆ ಪಿಸುಗುಟ್ಟುತ್ತಿದ್ದರು: 'ಪಾಪ, ಅಲ್ಲಿ ಯಾರೂ ಎರಡನೇ ಸಲ ಕೇಳಲ್ವೇನೋ.'

ಖಾಲಿ ಪಾತ್ರೆ ಹಿಡಿದೇ ಹೊರಗೆ ಬಂದು 'ಇನ್ನೊಂಚೂರು ಹಾಕ್ಲೇನೋ?' ಎಂದರು. ವರ್ಷಗಳ ನಂತರ ನನ್ನ ಬಾಯಿಂದ 'ಅಯ್ಯೋ, ಬೇಡ ಅತ್ತೆ' ಎಂದು ಬಂತು. ಅವರು ಮೂರು ಸಲ ಒತ್ತಾಯ ಮಾಡಿದರು. ಮೂರನೇ ಸಲವೂ ಬೇಡ ಎಂದೆ. ಹಸಿವು ಇನ್ನೂ ಇತ್ತು.