ಜೋಗೇಶ್ವರಿಯ ಹುಳ ಕಡಿದ ಎಲೆ

ಮುಂಬಯಿಗೆ ಬಂದವರು ನೌಕರಿ ಹುಡುಕುತ್ತಾರೆ, ಖೋಲಿ ಹುಡುಕುತ್ತಾರೆ. ನಮ್ಮ ಭಾವನವರು ಹುಳ ಹುಡುಕಿದರು! ಅದೂ ಎಂಥ ಹುಳ? ಮನುಷ್ಯ ಹುಟ್ಟುವ ಎಷ್ಟೋ ಕಾಲ ಮೊದಲೇ ಸತ್ತು ಕಲ್ಲಾದ ಹುಳ!

ಐವತ್ತರ ದಶಕ. ಧಾರವಾಡದಿಂದ ಬಂದ ನಾನು ಸಯನ್ನಿನ ಚಾಳಿನಲ್ಲಿ ಅಕ್ಕ-ಭಾವನವರ ಖೋಲಿಯಲ್ಲಿದ್ದೆ. ಚಪ್ಪಲಿ ಬಾಗಿಲಿನ ಎಡಕ್ಕೆ, ಛತ್ರಿ ಬಲಕ್ಕೆ ಇರಬೇಕೆನ್ನುವವನು ನಾನು. ಭಾವನವರ ಕಲ್ಲುಗಳೋ, ಎಡಕ್ಕೂ ಬಲಕ್ಕೂ ಮಂಚದ ಕೆಳಗೂ ಅಕ್ಕಿ ಡಬ್ಬಿಯ ಹಿಂದೂ!

ಈ ಹುಚ್ಚು ಹಿಡಿದದ್ದು ಅವರ ಕೂಸು ತೀರಿಹೋದ ಮೇಲೆ. ನಡೆಯಲು ಕಲಿಯುವ ಮೊದಲೇ ಗಂಟಲುಮಾರಿ ಅದನ್ನು ಒಯ್ದಿತು. ಎಳೆ ಮಕ್ಕಳ ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಹಿರಿಯರು ಒಂದು ಫೋಟೊ ಕೂಡ ತೆಗೆಸಗೊಟ್ಟಿರಲಿಲ್ಲ. ಕುಂಚಿಗೆ, ತೊಟ್ಟಿಲು, ಗಿಲಕಿ ಮನೆಯಲ್ಲಿ ಉಳಿಯಬಾರದೆಂದು ಅವನ್ನೂ ಯಾರಿಗೋ ಕೊಟ್ಟುಬಿಟ್ಟರು.

“ಕೂಸಿನ ಮುಖಾನ ಮರಿತೇನೇನೋ ಅಂತ ಅಂಜಿಕಿ ಆಗ್ತದೋ,” ಎಂದು ಅಕ್ಕ ಒಮ್ಮೆ ನನಗೆ ಹೇಳಿದಳು. ಗಂಡನಿಗೆ ಹೇಳಲಿಲ್ಲ. ಅವರು ಹುಳದಲ್ಲಿ ಮುಳುಗಿದ್ದರಲ್ಲ!

ಪ್ರತಿ ರವಿವಾರ ಭಾವನವರು ಲೋಕಲ್ ಹಿಡಿದು ಜೋಗೇಶ್ವರಿಯ ಕಲ್ಲುಗಣಿಗೆ ಹೋಗುತ್ತಿದ್ದರು. ಅಲ್ಲಿ ಲಾವಾದ ಎರಡು ಪದರಗಳ ನಡುವೆ ಯಾವುದೋ ಪುರಾತನ ಕೆರೆಯ ಕೆಸರು ಕಪ್ಪು ಕಲ್ಲಾಗಿ ಕೂತಿದೆ. ಸುತ್ತಿಗೆಯಿಂದ ತಟ್ಟಿದರೆ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಎಲೆಯ ಅಚ್ಚು, ಕಪ್ಪೆಯ ಎಲುಬು. ಆ ಕೆರೆಯ ಸಂಗತಿಯನ್ನು ಅವರು ಪಕ್ಕದ ಖೋಲಿಯ ಸುದ್ದಿಯಂತೆ ಹೇಳುವರು: “ಕಪ್ಪಿ ಇದ್ವು ಅಂದ್ರ ಹುಳ ಇರಲಿಕ್ಕೇ ಬೇಕು. ಇಲ್ಲಾಂದ್ರ ಏನು ತಿಂದ್ವು? ಆಮ್ಯಾಲೆ ಮತ್ತ ಬೆಂಕಿ ಹರಿದು ಬಂತು. ಎಲ್ಲಾರೂ ಹೋದ್ರು.”

ಒಂದು ಸೋಮವಾರ ಸಿಟ್ಟಿಗೆದ್ದ ಅಕ್ಕ ಆಫೀಸಿನ ಡಬ್ಬಿಯಲ್ಲಿ ಭಕ್ಕರಿಯ ಬದಲು ಕಲ್ಲು ತುಂಬಿ ಕಳಿಸಿದಳು. ಸಂಜೆ ಭಾವನವರು ಕುಣಿಯುತ್ತ ಬಂದರು! “ಕೆಳಗಿನ ಡಬ್ಬಿಯೊಳಗಿಂದು ಭಾಳ ಛಲೋ ಇತ್ತು ನೋಡು. ಹುಳ ಕಡಿದ ಎಲಿ!”

ಆ ಕಡಿತಕ್ಕೆ ಹೋಲಿಸಿ ನೋಡಲು ಹುಳ ತಿಂದ ಎಲೆ ಬೇಕಾಯಿತು. ಕೆಳಗಿನ ಉಡುಪಿ ಹೋಟೆಲಿಗೆ ಹೋಗಿ, ತುಂಬಿದ ಗಿರಾಕಿಗಳ ನಡುವೆ, “ನಿಮ್ಮ ಕರಿಬೇವಿನ್ಯಾಗ ಹುಳ ಅದಾವೇನ್ರಿ?” ಎಂದು ಕೇಳಿದರು. ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದರು. “ಎಂತ ಮಾರಾಯ್ರೇ! ಮೆಲ್ಲ ಮಾತಾಡಿ. ನನ್ನ ಹೊಟ್ಟೆಗೆ ಹೊಡೀಬೇಡಿ!”

ಅಂತೂ ಎಲೆ ಸಿಕ್ಕಿತು. ಭಾವನವರು ಭೂತಗನ್ನಡಿ ಹಿಡಿದು ಕಲ್ಲೆಲೆಯನ್ನು ನನಗೆ ತೋರಿಸಿದರು. “ಕಡಿದ ಅಂಚು ದಪ್ಪ ಆಗ್ಯದ ನೋಡು. ಗಾಯ ಮಾಯ್ದದ್ದು ಅದು. ಅಂದ್ರ ಎಲಿ ಜೀವಂತ ಇದ್ದಾಗ ತಿಂದದ. ಹುಳ ಸಿಗಲಿಲ್ಲ, ಸಿಗೂದೂ ಇಲ್ಲ. ಆದ್ರ ಅದು ಇತ್ತು. ಅದಕ್ಕ ಹಸಿವಾಗಿತ್ತು.”

“ಇದ್ದು ಏನು ಬಂತು?” ಎಂದಳು ಅಕ್ಕ, ಒಲೆಯಿಂದ ಮುಖ ತಿರುಗಿಸದೆ.

ಗಣಪತಿ ಹಬ್ಬದ ಮುಂಚೆ ಚಾಳಿಗೆ ಬಣ್ಣ ಬಳಿಸುವ ಕೆಲಸ ಶುರುವಾಯಿತು. ಅಕ್ಕ ಕಲ್ಲುಗಳನ್ನೆಲ್ಲ ಹೊರಗಿನ ಗ್ಯಾಲರಿಗೆ ದಬ್ಬಿದಳು. ನಾನು ಉಸ್ತುವಾರಿಗೆ ನಿಂತೆ. ಪೇಂಟರ್ ಕಿಟಕಿಯ ಕೆಳಗಿನ ಮರದ ಪಟ್ಟಿಯನ್ನು ಉಜ್ಜಿ, “ಸಾಬ್, ಚೂಹಾ ಖಾಯಾ ಇಧರ್. ಪುಟ್ಟಿ ಮಾರೂಂ?” ಎಂದ. ಇಲಿ ಕಡಿದ ಜಾಗವಂತೆ. ಪುಟ್ಟಿ ತುಂಬಿ ಸಮ ಮಾಡಲೆ, ಎಂದು ಕೇಳುತ್ತಿದ್ದ.

“ಠೈರೋ!” ಭಾವನವರು ಓಡಿ ಬಂದು ಅವನ ಕೈ ಹಿಡಿದರು. ಬಗ್ಗಿ ಭೂತಗನ್ನಡಿ ಇಟ್ಟರು. ಅಭ್ಯಾಸಬಲ! “ಇಲಿ ಅಲ್ಲ. ಇಲಿ ಆದ್ರ ಕೆರೀತದ. ಇವು ಒತ್ತಿದ ಗುರುತು. ಮ್ಯಾಲೆ ಎರಡು, ಕೆಳಗ ಎರಡು…”

ಅವರು ಅಕ್ಕನತ್ತ ತಿರುಗಿದರು.

ಕೂಸನ್ನು ಅದೇ ಕಿಟಕಿಯ ಸರಳು ಹಿಡಿಸಿ ನಿಲ್ಲಿಸಿ, ರಸ್ತೆಯ ಬಸ್ಸು ತೋರಿಸಿ ಅಕ್ಕ ಅನ್ನ ಉಣ್ಣಿಸುತ್ತಿದ್ದಳು. ಹಲ್ಲು ಬರುವ ಹೊತ್ತಿನ ಕೂಸು; ಅದರ ಬಾಯಿ ಸರಿಯಾಗಿ ಆ ಪಟ್ಟಿಯ ಮಟ್ಟಕ್ಕೆ ಬರುತ್ತಿತ್ತು.

ಅಕ್ಕ ಕೈ ಒರೆಸಿಕೊಂಡು ಬಂದಳು. ಬೆರಳ ತುದಿಯಿಂದ ಆ ಗುಳಿಗಳನ್ನು ಮುಟ್ಟಿದಳು.

“ಏನ್ರೀ, ಆ ಕನ್ನಡಿ ಕೊಡ್ರಿ ಇಲ್ಲೆ.”

ಬಹಳ ಹೊತ್ತು ನೋಡಿದಳು. “ಬಿಸಿ ಅನ್ನ ಆರೂತನಾ ತಡೀತಿರಲಿಲ್ಲರೀ ಅದು,” ಎಂದಳು.

ಆ ವರ್ಷ ಖೋಲಿಗೆಲ್ಲ ತಿಳಿಹಸಿರು ಬಣ್ಣ ಬಂತು, ಕಿಟಕಿಯ ಒಂದು ಗೇಣು ಮರ ಬಿಟ್ಟು. ಬಣ್ಣ ಎಲ್ಲಿಗೆ ನಿಲ್ಲಬೇಕೆಂದು ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟವನು ನಾನು. ಕಲ್ಲುಗಳನ್ನು ಗ್ಯಾಲರಿಯಿಂದ ಒಂದೊಂದಾಗಿ ಒಳಗೆ ತಂದವಳು ಅಕ್ಕ.