ಜೆರಿಕೋಗೆ ಹೊರಟ ಕಾಲ್ಗುಣ

ಇದು ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಕತೆ. ಅನುಮಾನವಿದ್ದವರು ಮ್ಯಾನ್‌ಹಟನ್ನಿನಿಂದ ಗಂಟೆಯ ದಾರಿಯಲ್ಲಿರುವ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಯಾವ ಕನ್ನಡದವರ ಮನೆಯ ಬಾಗಿಲನ್ನಾದರೂ ತಟ್ಟಿ ಕೇಳಬಹುದು. ಕಾಫಿ ಕೊಟ್ಟು, ನಾನು ಬಿಟ್ಟದ್ದನ್ನೂ ಸೇರಿಸಿ ಹೇಳುತ್ತಾರೆ.

೧೯೭೪ನೆಯ ಇಸವಿ. ಫಜೀತಿಗೆಲ್ಲ ಮೂಲ ಒಂದು ಮಾತು. ಕ್ಷೌರದಂಗಡಿಯಲ್ಲಿ ಕುತ್ತಿಗೆ ಬಗ್ಗಿಸಿ ಕೂತಿದ್ದ ಬದರಿ, ಸುಮ್ಮನಿರಲಾರದೆ, ಕತ್ತರಿ ಹಿಡಿದಿದ್ದ ಟೋನಿಗೆ ‘ಕಾಲ್ಗುಣ’ ಎಂದರೇನೆಂದು ವಿವರಿಸಿದ. ಕೆಲವರು ಕಾಲಿಟ್ಟರೆ ಮನೆ ಬೆಳಗುತ್ತದೆ, ಕೆಲವರು ಕಾಲಿಟ್ಟರೆ ಕಾಯಿಸಿದ ಹಾಲೂ ಒಡೆಯುತ್ತದೆ. ಕತ್ತರಿ ಗಾಳಿಯಲ್ಲೇ ನಿಂತಿತು. ಇಟಲಿಯ ಅಜ್ಜಿ ಸಾಕಿದ ಮೊಮ್ಮಗನಿಗೆ ಇಂಥ ಶಾಸ್ತ್ರ ಬೇಗ ಅರ್ಥವಾಗುತ್ತದೆ. ಊರಿನ ಫುಟ್‌ಬಾಲ್ ತಂಡಕ್ಕೆ ಟೋನಿಯೇ ನಾಯಕ, ಟೋನಿಯೇ ಗೋಲ್‌ಕೀಪರ್. ತಂಡ ಗೆದ್ದು ಎರಡು ವರ್ಷವಾಗಿತ್ತು. ಆ ಎರಡು ವರ್ಷ ಒಂದು ಪಂದ್ಯವನ್ನೂ ತಪ್ಪಿಸದೆ ಬಂದ ಅಭಿಮಾನಿ ಒಬ್ಬನೇ, ಬದರಿಯ ಬೀದಿಯವನೇ ಆದ ಪ್ರಭಾಕರ.

ಬಣ್ಣದ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದ ಈ ಮೈಸೂರಿನವನು ಹಸಿರು ಮಫ್ಲರ್ ಸುತ್ತಿ, ದೇವರ ಮನೆಯ ಜಾಗಟೆ ಹಿಡಿದು ಗೆರೆಯ ಪಕ್ಕ ಕೂರುತ್ತಿದ್ದ. ಗೋಲು ಬಾರದಿದ್ದರೂ ಅವನ ಗೋಳು ಮೈದಾನದಾಚೆಗೂ ಕೇಳುತ್ತಿತ್ತು. ಈಗ ಅವನನ್ನು ಕಂಡರೆ ಆಟಗಾರರು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳತೊಡಗಿದರು. ಕಾರಣ ತಿಳಿದಾಗ ಪ್ರಭಾಕರ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ನೆಟ್ಟಗೆ ಕ್ಷೌರದಂಗಡಿಗೆ ಹೋಗಿ ಸಾರಿಬಿಟ್ಟ: ಸೀಸನ್ನಿನ ಕೊನೆಯ ಪಂದ್ಯ ಲಾಂಗ್ ಐಲ್ಯಾಂಡಿನ ಜೆರಿಕೋದಲ್ಲಿ, ಅಲ್ಲಿ ತನ್ನ ಕಣ್ಣೆದುರು ಸೋತರೆ ಜನ್ಮದಲ್ಲಿ ಇನ್ನು ಮೈದಾನಕ್ಕೆ ಕಾಲಿಡುವುದಿಲ್ಲ, ಗೆದ್ದರೆ ಎಲ್ಲರೂ ಕ್ಷಮೆ ಕೇಳಬೇಕು.

ಅವನು ಅತ್ತ ಹೋದದ್ದೇ ಟೋನಿ ಅಲ್ಲೇ ಕೂತಿದ್ದ ಬದರಿಯ ಕೈ ಹಿಡಿದುಕೊಂಡ. ಒಂದು ಸಲ, ಒಂದೇ ಸಲ ಗೆಲ್ಲಬೇಕು. ಆ ದಿನ ಈ ಮನುಷ್ಯನನ್ನು ಎಲ್ಲಾದರೂ ತಪ್ಪಿಸಿಬಿಡು ಎಂದು ಗೋಗರೆದ.

ಬದರಿಗೆ ಅದೇನೂ ಕಷ್ಟವಾಗಿರಲಿಲ್ಲ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂಬುದು ಪ್ರಭಾಕರನ ಮನೆಯ ಕಟ್ಟುನಿಟ್ಟು. ಹೊರಟ ಮೇಲೆ ಅವನು ದಾರಿಯನ್ನೂ ಕೇಳುವವನಲ್ಲ.

“ನನ್ನ ಕಾರ್ ಹಿಂದೇನೇ ಬಾ ಪ್ರಭು,” ಎಂದ ಬದರಿ. “ಏನೂ ಕೇಳ್ಬೇಡ. ಒಳ್ಳೆ ಕೆಲಸಕ್ಕೆ ಹೊರಟಿದ್ದೀವಿ.”

ಭಾನುವಾರ ಪ್ರಭಾಕರನ ಹೆಂಡತಿ ರಮಾಮಣಿ ಹನ್ನೊಂದು ಆಟಗಾರರಿಗಾಗುವಷ್ಟು ಪುಳಿಯೋಗರೆ ಕಲಸಿ, ಪಾತ್ರೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಸೇತುವೆಯ ಕಡೆಗೆ ತಿರುಗುವ ಜಾಗ ಬಂತು, ಹೋಯಿತು. ಬದರಿಯ ಕಾರು ನೇರ ನಡೆಯಿತು.

“ರೀ, ಲಾಂಗ್ ಐಲ್ಯಾಂಡ್‌ಗೆ ನೀರು ದಾಟಬೇಕಲ್ವಾ?”

“ಹೊರಟಾಗ ಎಲ್ಲಿಗೆ ಅನ್ನಬಾರದು.”

“ಎಲ್ಲಿಗೆ ಅನ್ಲಿಲ್ಲ. ನೀರೆಲ್ಲಿ ಅಂದೆ.”

“ಅದರಲ್ಲೂ ‘ಎಲ್ಲಿ’ ಇದೆ.”

ಮ್ಯಾನ್‌ಹಟನ್ನಿನ ಎರಡು ಹೊಸ ಗೋಪುರಗಳು ಬಲಗಡೆ ಕಂಡವು, ಹಿಂದೆ ಸರಿದವು. ಹೊಳೆಯ ಆಚೆಗೇ ಉಳಿದವು. ಬದರಿ ಸೀಕಾಕಸ್ ಎಂಬ ಊರಿನಲ್ಲಿ ಹೆದ್ದಾರಿಯಿಂದ ಇಳಿದು, ಗೋದಾಮುಗಳ ನಡುವೆ ನಾಲ್ಕು ಸುತ್ತು ಸುತ್ತಿಸಿ, ಒಂದು ಮೈದಾನದ ಕಡೆಗೆ ಕೈ ತೋರಿಸಿ, ತಾನು ಬೇರೆ ಕಡೆ ಪಾರ್ಕ್ ಮಾಡುವವನಂತೆ ತಿರುಗಿ ಮಾಯವಾದ.

ಮೈದಾನದಲ್ಲಿ ಆಟವೇನೋ ನಡೆದಿತ್ತು. ಗೋಲಿನಲ್ಲಿ ಟೋನಿ ಇರಲಿಲ್ಲ. ಪಕ್ಕದಲ್ಲಿದ್ದವನನ್ನು ವಿಚಾರಿಸಿದರೆ, ಜೆರಿಕೋಗೆ ಇಲ್ಲಿಂದ ಗಂಟೆಗೂ ಮೀರಿದ ದಾರಿ ಎಂದ. ತಾಳಿ ಕಟ್ಟುವ ಹೊತ್ತಿಗೆ ಬೇರೆಯವರ ಛತ್ರಕ್ಕೆ ನುಗ್ಗಿದ ಮದುಮಗನಂತೆ ಪ್ರಭಾಕರ ಹುಲ್ಲಿನ ಮೇಲೆ ಕುಸಿದ. ಹೊರಟು ಹೋದರೂ ಅಲ್ಲಿ ಆಟ ಮುಗಿದಿರುತ್ತದೆ.

ರಮಾಮಣಿ ಪಾತ್ರೆಯ ಮುಚ್ಚಳ ತೆಗೆದಳು. “ಹನ್ನೊಂದು ಜನಕ್ಕೆ ಮಾಡಿದ್ದು. ಈ ಕಡೆಯ ತಂಡದಲ್ಲೂ ಹನ್ನೊಂದು ಜನ ಇದಾರೆ.”

ಅರ್ಧ ಆಟಕ್ಕೆ ಎರಡು ಗೋಲು ಹಿಂದಿದ್ದ ಗೋದಾಮಿನ ಕೂಲಿಯಾಳುಗಳ ತಂಡ ಪುಳಿಯೋಗರೆಯನ್ನು ತಳ ಕಾಣುವವರೆಗೆ ತಿಂದಿತು. ಗುಂಟೂರು ಮೆಣಸಿನಕಾಯಿ ತನ್ನ ಕೆಲಸ ಶುರುಮಾಡಿತು. ಎದುರಾಳಿಯ ಬಲೆಯ ಹಿಂದೆ ತಣ್ಣೀರಿನ ಕೊಡವಿದೆಯೇನೋ ಎಂಬಂತೆ ಅವರು ಅತ್ತಲೇ ಓಡಿದರು. ಪ್ರಭಾಕರನ ಕೈ ಸುಮ್ಮನಿರದೆ ಜಾಗಟೆ ಬಾರಿಸಿತು. ಮೂರು ಗೋಲು. ಗೆದ್ದವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಹೆಗಲ ಮೇಲೂ ಅಳುಮುಖ ಮಾಡಿಕೊಂಡೇ ಕೂತಿದ್ದ. ತಾನಿಲ್ಲದೆ ಜೆರಿಕೋದಲ್ಲಿ ತನ್ನವರು ಈಗ ಗೆದ್ದಿರುತ್ತಾರೆ. ಗೆದ್ದರೆಂದರೆ ಕಾಲ್ಗುಣ ಸಾಬೀತಾಯಿತು. ಇನ್ನು ಯಾವ ಮುಖ ಹೊತ್ತು ಮೈದಾನಕ್ಕೆ ಹೋಗುವುದು?

ಸಂಜೆ ಮನೆಗೆ ಬಂದರೆ ಬದರಿಯ ಬಾಗಿಲಲ್ಲಿ ಟೋನಿಯ ವ್ಯಾನು. ಗೆಲುವಿನ ಪಾರ್ಟಿಯೇ ಇರಬೇಕು. ಪ್ರಭಾಕರ ತಲೆ ತಗ್ಗಿಸಿ ದಾಟಿಹೋಗುತ್ತಿದ್ದ. ಬದರಿಗೆ ನಾಲ್ಕು ಮಾತಾದರೂ ಅಂದು ಬನ್ನಿ ಎಂದು ರಮಾಮಣಿ ಒಳಗೆ ತಳ್ಳಿದಳು.

ಒಳಗೆ ಟೋನಿ ಮೊಣಕಾಲಿಗೆ ಐಸ್ ಒತ್ತಿಕೊಂಡು ಕೂತಿದ್ದ. ಬದರಿ ಕುಡಿಯದ ಕಾಫಿಯನ್ನು ಕದಡುತ್ತಲೇ ಇದ್ದ.

“ತಪ್ಪಾಯ್ತು ಪ್ರಭು. ಬೇಕೂಂತ್ಲೇ ಬಿಟ್ಟು ಹೋದೆ.”

“ಗೊತ್ತಾಯ್ತು ಬಿಡು. ಎಷ್ಟು ಗೋಲು?”

ಟೋನಿ ಏಳು ಬೆರಳು ಎತ್ತಿದ. ಪ್ರಭಾಕರ ಬಾಗಿಲ ಕಡೆಗೆ ತಿರುಗಿದ. ಆಗ ಟೋನಿ ಉಳಿದರ್ಧ ಹೇಳಿದ: ಏಳೂ ಜೆರಿಕೋದವರದು. ತಮ್ಮದು ಸೊನ್ನೆ.

ಪ್ರಭಾಕರ ಬಗ್ಗಿ ತನ್ನ ಎರಡೂ ಪಾದಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ಬಾಗಿಲಾಚೆ ನಿಂತಿದ್ದ ಹೆಂಡತಿಗೆ, ಮಗು ಹುಟ್ಟಿದ ಸುದ್ದಿ ಹೇಳುವವನಂತೆ ಹೇಳಿದ:

“ಸೋತ್ರು ಕಣೇ. ನಾನಿಲ್ದೇನೇ ಸೋತ್ರು.”

ಟೋನಿ ಕೈ ಮುಗಿಯುವುದೊಂದು ಬಾಕಿ. ಪ್ರಭಾಕರ ಇದ್ದಾಗ ಎರಡೋ ಮೂರೋ ಗೋಲಿನಲ್ಲಿ ಮಾನವಾಗಿ ಸೋಲುತ್ತಿದ್ದೆವು ಎಂದ. ಮುಂದಿನ ಸೀಸನ್ನಿಗೆ ಮಳೆಯಿರಲಿ, ಹಿಮವಿರಲಿ, ಒಂದು ಪಂದ್ಯವನ್ನೂ ತಪ್ಪಿಸಕೂಡದು ಎಂದು ಆಣೆ ಹಾಕಿಸಿಕೊಂಡ. ಬದರಿಗೆ ಮೊದಲು ನಗು ಬಂತು, ಐಸ್ ಹಿಡಿದುಕೊಂಡೇ ಟೋನಿಗೂ ಬಂತು. ಇನ್ನೊಂದು ವರ್ಷ ಪೂರ್ತಿ ಚಳಿಯಲ್ಲಿ ಕೂತು ಸೋಲು ನೋಡುವ ಹಕ್ಕನ್ನು ಗೆದ್ದುಕೊಂಡಿದ್ದ ಪ್ರಭಾಕರನಂತೂ ಗೋಡೆಗೆ ಒರಗಿ, ಜಾರಿ, ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಬೀದಿಯ ಆ ಕೊನೆಯ ಮನೆಯವರು ಏನು ಅನಾಹುತವೋ ಎಂದು ಬಾಗಿಲು ತೆರೆದು ನೋಡಿದರಂತೆ.