ಹಡಗು ಹತ್ತಬೇಕಾದ ಎಳ್ಳು ಬಿಸ್ಕತ್ತು

ಬಿಸ್ಕತ್ತನ್ನು ಬಾಯಿಂದ ತಿನ್ನುತ್ತಾರೆಂದು ನೀವು ತಿಳಿದಿದ್ದರೆ, ನಮ್ಮ ಸೋದರತ್ತೆಯನ್ನು ನೀವು ಕಂಡಿಲ್ಲ! ಅವರ ಪ್ರಕಾರ ಅದು ಕಿವಿಯಿಂದ ಪರೀಕ್ಷೆ ಮಾಡುವ ಪದಾರ್ಥ. ಅಡಿಗೆಮನೆಯಲ್ಲಿ ಕಚ್ಚಿದರೆ ಹಜಾರದಲ್ಲಿ ಕೂತ ಮಾವನಿಗೆ ಕೇಳಿಸಬೇಕು. ಮಾವನ ಕಿವಿ ಮಂದ ಎಂಬುದನ್ನು ಅವರು ಗಣನೆಗೇ ತೆಗೆದುಕೊಂಡಿರಲಿಲ್ಲ.

ಅದು ಯುದ್ಧದ ಕಾಲ. ಹೈಸ್ಕೂಲು ಓದಲೆಂದು ನಾನು ಹಲಸೂರಿನ ಅವರ ಮನೆಯಲ್ಲಿದ್ದೆ. ಅವರ ಒಬ್ಬನೇ ಮಗ ಸೈನ್ಯದ ಲಾರಿ ಓಡಿಸಲು ಮಲಯಾಕ್ಕೆ ಹೋಗಿದ್ದ. ಅಲ್ಲಿಂದ ಬಂದದ್ದು ಒಂದೇ ಕಾಗದ. “ಇಲ್ಲಿ ದಿನಾ ಮಳೆ, ಏನಿಟ್ರೂ ಮೆತ್ತಗಾಗುತ್ತೆ. ನಿನ್ನ ಎಳ್ಳು ಬಿಸ್ಕತ್ತು ನೆನಪಾಗುತ್ತಮ್ಮ” ಎಂದು ಬರೆದಿದ್ದ. ಆಮೇಲೆ ಬಂದದ್ದು, ಅವನ ಪತ್ತೆಯಿಲ್ಲ ಎಂಬ ತಂತಿ. ಮಾವ ಗೋಡೆಗೊರಗಿ ಕೂತುಬಿಟ್ಟರು. ಅತ್ತೆ ಮಾತ್ರ, “ಪತ್ತೆ ಇಲ್ಲ ಅಂದ್ರೆ ಹುಡುಕ್ತಾ ಇದ್ದಾರೆ ಅಂತ ತಾನೆ?” ಎಂದು ಮೊರ ತೆಗೆದುಕೊಂಡು ಎಳ್ಳು ಆರಿಸತೊಡಗಿದರು.

ನಮ್ಮ ಮನೆಯಲ್ಲಿ ಬೇಕರಿಯ ಒಲೆ ಎಲ್ಲಿಂದ ಬರಬೇಕು? ದಪ್ಪ ತಳದ ಪಾತ್ರೆಯಲ್ಲಿ ಮರಳು, ಅದರ ಮೇಲೆ ಬಿಸ್ಕತ್ತಿನ ತಟ್ಟೆ, ಅದಕ್ಕೊಂದು ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ರೇಷನ್ ದಿನಗಳಲ್ಲಿ ಮೈದಾ ಕನಸು. ಗೋಧಿ ಹಿಟ್ಟಿಗೆ ಬೆಲ್ಲ, ಬೆರಳಿಗಂಟುವಷ್ಟು ಬೆಣ್ಣೆ. ಬೆಂದ ಬಿಸ್ಕತ್ತನ್ನು ಡಬ್ಬಿಗೆ ತುಂಬಿ ಎಲ್ಲಿಡುತ್ತಿದ್ದರು ಗೊತ್ತೇ? ಬಚ್ಚಲಲ್ಲಿ! ಹಬೆಯಲ್ಲಿ ಹದಿನೈದು ದಿನ ಗರಿಗರಿ ಉಳಿದರೆ ಮಲಯಾದಲ್ಲೂ ಉಳಿಯುತ್ತದಂತೆ. “ಹಂಡೆ ಇನ್ನಷ್ಟು ಕಾಯ್ಲಿ ರೀ, ಅಲ್ಲಿ ಇದಕ್ಕಿಂತ ಹಬೆ ಇರುತ್ತೆ!” ಎಂದು ಹೊರಗಿನಿಂದ ಕೂಗುತ್ತಿದ್ದರು. ಮಗನ ಬಿಸ್ಕತ್ತಿಗಾಗಿ ಮಾವ ಕುದಿನೀರಿನಲ್ಲಿ ಮಿಂದು ಕೆಂಪಾಗಿ ಹೊರಬರುತ್ತಿದ್ದರು.

ಕಾಕ್ಸ್ ಟೌನಿನ ಒಬ್ಬ ಬೇಕರಿ ಮೇಸ್ತ್ರಿಗೆ ಒಮ್ಮೆ ರುಚಿ ನೋಡಲು ಕೊಟ್ಟರು. ಆತ ಕಚ್ಚಿ, ದವಡೆ ಹಿಡಿದುಕೊಂಡು, “ಅಯ್ಯಯ್ಯೋ, ಇದು ಬಿಸ್ಕತ್ತಲ್ಲಮ್ಮಾ, ಮಂಗಳೂರು ಹೆಂಚು!” ಎಂದ.

“ನೀನು ಮಾಡೋದು ಇಲ್ಲೇ ತಿನ್ನೋರ್ಗೆ ಕಣಪ್ಪ. ನಂದು ಹಡಗು ಹತ್ಬೇಕು” ಎಂದರು ಅತ್ತೆ.

ಮಗನ ಪಲ್ಟನ್ನಿನ ವಿಳಾಸಕ್ಕೆ ಕಳಿಸಿದ ಪಾರ್ಸಲ್ಲು ಎಂಟು ತಿಂಗಳ ಮೇಲೆ ಹಾಗೆಯೇ ವಾಪಸು ಬಂತು. ಹೊಲಿಗೆ ಕೂಡ ಬಿಚ್ಚಿರಲಿಲ್ಲ. ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಅತ್ತೆ ಬಿಚ್ಚಿ, ಒಂದನ್ನು ಕಟುಂ ಎಂದು ಕಡಿದು, “ಕೇಳಿಸ್ತೇನೇ? ಎಂಟು ತಿಂಗಳಾದ್ರೂ ಮೆತ್ತಗಾಗಿಲ್ಲ!” ಎಂದು ಗೆದ್ದವರಂತೆ ನಕ್ಕರು. ಆ ನಗು ನೋಡಲಾರದೆ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಮಹಾಲಯ ಅಮಾವಾಸ್ಯೆ ಬಂತು. ಹೋದವರ ಹೆಸರಿನಲ್ಲಿ ಎಳ್ಳು ನೀರು ಬಿಡುವ ದಿನ. ಹುಡುಗನಿಗೂ ಬಿಡುವುದು ಒಳ್ಳೆಯದೆಂದು ಹಿರಿಯರು ಮಾವನನ್ನು ಒಪ್ಪಿಸಿದ್ದರು. ಪುರೋಹಿತರು ಕೂತು, “ಎಳ್ಳು ತನ್ನಿ ತಾಯಿ” ಎಂದರು. ಅತ್ತೆ ಹಿಂದಿನ ದಿನವೇ ಮನೆಯಲ್ಲಿದ್ದ ಕರಿ ಎಳ್ಳನ್ನೆಲ್ಲ ಹಿಟ್ಟಿಗೆ ಸುರಿದು ಬೇಯಿಸಿಬಿಟ್ಟಿದ್ದರು! ಇರುವೆ ಮುತ್ತಿದಂತಿದ್ದ ಬಿಸ್ಕತ್ತಿನ ತಟ್ಟೆಯನ್ನು ಅವರ ಮುಂದಿಟ್ಟು, “ಇದ್ರಲ್ಲಿದೆ, ಆರಿಸ್ಕೊಳ್ಳಿ” ಎಂದರು. ಬದುಕಿರುವವನಿಗೆ ತರ್ಪಣ ಯಾಕೆ ಎಂಬುದು ಅತ್ತೆಯ ವಾದ. ಮರುವರ್ಷವೂ ಹೀಗೇ ಆಯಿತು. ಅದರ ಮರುವರ್ಷವೂ.

ಯುದ್ಧ ಮುಗಿಯಿತು. ಮಗನ ಜೊತೆ ಲಾರಿ ಓಡಿಸುತ್ತಿದ್ದವನೊಬ್ಬ ಜಪಾನಿನವರ ಸೆರೆಯಿಂದ ಕಡ್ಡಿಯಂತಾಗಿ ಹಿಂತಿರುಗಿ, ಮನೆ ಹುಡುಕಿಕೊಂಡು ಬಂದ. ಮಗನನ್ನು ತಾನೇ ಮಣ್ಣು ಮಾಡಿದ್ದಾಗಿ ಹೇಳಿದ. ಅತ್ತೆ ಕೇಳಿದ್ದು ಒಂದೇ ಮಾತು.

“ಹಸ್ಕೊಂಡಿದ್ನಾ?”

“ಇಲ್ಲಮ್ಮ, ಹೊಟ್ಟೆ ತುಂಬ ಉಂಡಿದ್ದ” ಎಂದ, ಆ ಮೂಳೆಚಕ್ಕಳದ ಮನುಷ್ಯ. ಅತ್ತೆ ನಂಬಿದಂತೆ ತಲೆಯಾಡಿಸಿದರು.

ಆ ವರ್ಷದ ಅಮಾವಾಸ್ಯೆಗೆ ಅವರು ಹಿಟ್ಟು ಕಲಸಲಿಲ್ಲ. ಪುರೋಹಿತರು ಕೇಳುವ ಮೊದಲೇ ಕರಿ ಎಳ್ಳಿನ ಬಟ್ಟಲು ತಂದು ಮಾವನ ಮುಂದಿಟ್ಟರು. ಇಟ್ಟವರು ಬಟ್ಟಲಿನಿಂದ ಕೈ ತೆಗೆಯಲಿಲ್ಲ.

“ಸ್ವಲ್ಪ ಹುರಿದು ಕೊಡ್ಲಾ ಸ್ವಾಮಿ? ಹಸಿ ಎಳ್ಳು ಅವನಿಗೆ ಸೇರ್ತಿರ್ಲಿಲ್ಲ.”

ತರ್ಪಣಕ್ಕೆ ಹುರಿದ ಎಳ್ಳು ಬರುವುದಿಲ್ಲವೆಂದು ನನಗೇ ಗೊತ್ತಿತ್ತು. ಪುರೋಹಿತರಿಗೆ ಗೊತ್ತಿರುವುದಿಲ್ಲವೇ? ಅವರು ಬೆರಳಿನಿಂದ ದರ್ಭೆ ತೆಗೆದು ಕೆಳಗಿಟ್ಟು, “ಹುರ್ಕೊಂಡು ಬನ್ನಿ ತಾಯಿ, ಕಾಯ್ತೀನಿ” ಎಂದರು.